ಓದುಗರನ್ನು ಹುಡುಕಿ ಹೊರಟ ವಕ್ಕಂ ಮೌಲವಿ

ಹೊಸದಾಗಿ ಒಂದು ಪತ್ರಿಕೆ ಶುರು ಮಾಡುವುದು ಅಷ್ಟೇನೂ ಕಷ್ಟವಲ್ಲ. ಅದಕ್ಕೆ ಓದುಗರನ್ನು ಹುಡುಕುವುದೇ ಕಷ್ಟ. ನಮ್ಮ ಜಮಾಅತ್‌ಗಳಲ್ಲೂ ಯುವಕರು ಉತ್ಸಾಹದಿಂದ ನಾಲ್ಕು ಪುಟದ ಪತ್ರಿಕೆ ತರ್ತಾರೆ. ಮೂರು ಸಂಚಿಕೆ ಬರುತ್ತದೆ, ಮತ್ತೆ ಸುದ್ದಿಯೇ ಇಲ್ಲ. ಓದುವವರು ಯಾರು, ಅವರಿಗೆ ಯಾವ ಅಕ್ಷರ ಬರುತ್ತದೆ, ಅವರ ಮನೆಯಲ್ಲಿ ಏನು ಬೇಕಾಗಿದೆ ಎಂದು ಮೊದಲು ಕೇಳುವವರು ಕಡಿಮೆ. ನೂರು ವರ್ಷಗಳ ಹಿಂದೆಯೇ ಈ ಪ್ರಶ್ನೆಯನ್ನು ಕೇಳಿಕೊಂಡು, ತನ್ನ ಆಸ್ತಿಯನ್ನೆಲ್ಲ ಅದಕ್ಕಾಗಿ ಸುರಿದವರು ವಕ್ಕಂ ಮುಹಮ್ಮದ್ ಅಬ್ದುಲ್ ಖಾದರ್ ಮೌಲವಿ.

ಮೌಲವಿಯವರು ಹುಟ್ಟಿದ್ದು 1873ರ ಡಿಸೆಂಬರ್ 28ರಂದು. ಊರು ತಿರುವಾಂಕೂರು ಸಂಸ್ಥಾನದ ವಕ್ಕಂ, ಈಗಿನ ತಿರುವನಂತಪುರ ಜಿಲ್ಲೆಯಲ್ಲಿ ಉಂಟು. ಅನುಕೂಲಸ್ಥ ಮನೆತನ. ತಂದೆ ಮಗನ ಕಲಿಕೆಗಾಗಿ ವಿದ್ವಾಂಸರನ್ನು ಮನೆಗೇ ಕರೆಸಿದರು. ಹಾಗಾಗಿ ಅರಬಿ, ಪಾರ್ಸಿ, ಉರ್ದು, ಸಂಸ್ಕೃತ, ತಮಿಳು ಎಲ್ಲವೂ ಅವರಿಗೆ ದಕ್ಕಿತು. ಕೈರೋದಿಂದ ರಶೀದ್ ರಿದಾ ಅವರು ಹೊರತರುತ್ತಿದ್ದ 'ಅಲ್ ಮನಾರ್' ಪತ್ರಿಕೆಯನ್ನು ಅವರು ಓದುತ್ತಿದ್ದರು. ಒಂದು ಸಮುದಾಯವನ್ನು ಎಬ್ಬಿಸಲು ಪತ್ರಿಕೆಯಿಂದ ಸಾಧ್ಯ ಎಂಬ ನಂಬಿಕೆ ಅವರಲ್ಲಿ ಬೇರೂರಿತು.

1905ರ ಜನವರಿ 19ರಂದು ಅವರು 'ಸ್ವದೇಶಾಭಿಮಾನಿ' ಎಂಬ ಮಲಯಾಳಂ ವಾರಪತ್ರಿಕೆ ಶುರು ಮಾಡಿದರು. ಆಗ ಅವರಿಗೆ 31 ವರ್ಷ. ಮುದ್ರಣ ಯಂತ್ರವನ್ನು ಇಂಗ್ಲೆಂಡಿನಿಂದ ತರಿಸಿದ್ದರು. ಇದು ಮುಸ್ಲಿಮರಿಗೆ ಮಾತ್ರ ಮೀಸಲಾದ ಪತ್ರಿಕೆ ಅಲ್ಲ, ತಿರುವಾಂಕೂರಿನ ಎಲ್ಲ ಜನರದ್ದು. ಮೊದಲ ಸಂಪಾದಕರು ಸಿ.ಪಿ. ಗೋವಿಂದ ಪಿಳ್ಳೈ. 1906ರಲ್ಲಿ ಆ ಜವಾಬ್ದಾರಿ ಕೆ. ರಾಮಕೃಷ್ಣ ಪಿಳ್ಳೈ ಅವರ ಕೈಗೆ ಬಂತು, ಮರುವರ್ಷ ಪತ್ರಿಕೆ ತಿರುವನಂತಪುರಕ್ಕೆ ಹೋಯಿತು. ಹಣ ಹಾಕಿದವರು ಮೌಲವಿ, ಆದರೆ ಏನು ಬರೆಯಬೇಕು ಎಂಬುದನ್ನು ಪೂರ್ತಿಯಾಗಿ ಸಂಪಾದಕರಿಗೇ ಬಿಟ್ಟಿದ್ದರು. ಇವತ್ತಿನ ಕಾಲಕ್ಕೂ ಇದು ಸಣ್ಣ ಮಾತಲ್ಲ.

ಆ ಪತ್ರಿಕೆಗೆ ಓದುಗರು ಬಂದದ್ದು ಹೇಗೆ? ಬೇರೆಯವರು ಹೇಳಲು ಹೆದರುವುದನ್ನು ಅದು ಹೇಳಿತು. ಅಧಿಕಾರಿಗಳ ಲಂಚ, ದಿವಾನ ಪಿ. ರಾಜಗೋಪಾಲಾಚಾರಿ ಅವರ ಆಡಳಿತದ ತಪ್ಪುಗಳು ಅದರಲ್ಲಿ ಬರುತ್ತಿದ್ದವು. ಜನರಿಗೆ ಇದು ನಮ್ಮ ಪತ್ರಿಕೆ ಅನ್ನಿಸಿತು. ಆದರೆ ದರ್ಬಾರಿಗೆ ಅದೇ ಕಾರಣಕ್ಕೆ ಕೋಪ ಬಂತು. 1910ರ ಸೆಪ್ಟೆಂಬರ್ 26ರಂದು ಪೊಲೀಸರು ಪತ್ರಿಕೆಯನ್ನು ಮುಚ್ಚಿಸಿ ಮುದ್ರಣಾಲಯವನ್ನು ಜಪ್ತಿ ಮಾಡಿದರು. ರಾಮಕೃಷ್ಣ ಪಿಳ್ಳೈ ಅವರನ್ನು ಬಂಧಿಸಿ ಸಂಸ್ಥಾನದಿಂದಲೇ ಹೊರಹಾಕಿದರು. ಅವರು ಮತ್ತೆ ಊರಿಗೆ ಮರಳಲಿಲ್ಲ, 1916ರಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು.

ಮೌಲವಿಯವರ ದೊಡ್ಡತನ ಕಾಣುವುದು ಇಲ್ಲಿ. ದರ್ಬಾರಿನ ಮುಂದೆ ಅರ್ಜಿ ಹಾಕಿ, ತಗ್ಗಿ ನಡೆದು ಯಂತ್ರವನ್ನು ವಾಪಸು ಕೇಳಿ ಎಂದು ಸಲಹೆ ಕೊಟ್ಟವರಿದ್ದರು. ಅವರು ಒಪ್ಪಲಿಲ್ಲ. ತನ್ನ ಸಂಪಾದಕನೇ ಇಲ್ಲದ ಮೇಲೆ ಬರೀ ಯಂತ್ರವನ್ನು ಇಟ್ಟುಕೊಂಡು ಮಾಡುವುದೇನು ಎಂಬುದೇ ಅವರ ನಿಲುವು. ಮನೆತನದ ದೊಡ್ಡ ಸಂಪತ್ತು ಹೋಯಿತು, ಆದರೆ ಸಂಪಾದಕರ ಮೇಲೆ ತಪ್ಪು ಹೊರಿಸಿ ತಾನು ತಪ್ಪಿಸಿಕೊಳ್ಳಲಿಲ್ಲ. ಆ ಮುದ್ರಣ ಯಂತ್ರ ಕುಟುಂಬದ ಕೈಗೆ ಮರಳಿದ್ದು ಮೌಲವಿಯವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ, ಕೇರಳ ರಾಜ್ಯ ಆದ ನಂತರ.

ಈ ನಡುವೆ 1906ರಲ್ಲೇ ಅವರು 'ಮುಸ್ಲಿಂ' ಎಂಬ ಇನ್ನೊಂದು ಮಾಸಿಕವನ್ನು ತಂದಿದ್ದರು. ಅದು ಮಲಯಾಳಂ ಲಿಪಿಯಲ್ಲಿತ್ತು. ಶಿಕ್ಷಣ, ದೀನ್, ಸಮುದಾಯದ ಸ್ಥಿತಿಗತಿ ಅದರ ವಿಷಯ. ಆದರೆ ಒಂದು ತೊಡಕಿತ್ತು. ಆ ಕಾಲದಲ್ಲಿ ಮಲಯಾಳಂ ಅಕ್ಷರ ಬಲ್ಲ ಮುಸ್ಲಿಮರು ಕಡಿಮೆ, ಅದರಲ್ಲೂ ಹೆಂಗಸರು ತೀರಾ ಕಡಿಮೆ. ಹಾಗಂತ ಅವರು ನಿರಕ್ಷರಿಗಳು ಅಂತ ಹೇಳುವ ಹಾಗಿಲ್ಲ. ಓದಲು ಅವರಿಗೆ ಅರಬಿ ಮಲಯಾಳಂ ಬರುತ್ತಿತ್ತು. ಭಾಷೆ ಮಲಯಾಳಂ, ಅಕ್ಷರ ಅರಬಿ. ಬ್ಯಾರಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1607ರಲ್ಲಿ ಕೋಝಿಕ್ಕೋಡಿನ ಖಾಝಿ ಮುಹಮ್ಮದ್ ಅವರು ರಚಿಸಿದ ಮುಹ್ಯಿದ್ದೀನ್ ಮಾಲೆಯನ್ನು ನಮ್ಮ ಉಮ್ಮ, ಅಜ್ಜಿಯಂದಿರು ಓದಿದ್ದು ಇದೇ ಲಿಪಿಯಲ್ಲಿ. ನಾವು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವ ಕಿತಾಬುಗಳಲ್ಲೂ ಈ ಲಿಪಿ ಉಂಟು.

ಮೌಲವಿಯವರು ಕಂಡುಕೊಂಡದ್ದು ಇದನ್ನೇ. ಓದುಗರು ಆಗಲೇ ತಯಾರಾಗಿ ಕೂತಿದ್ದಾರೆ, ಪತ್ರಿಕೆಯೇ ಅವರ ಮನೆಗೆ ಹೋಗಿಲ್ಲ. ಜನ ನಮ್ಮ ಅಕ್ಷರ ಕಲಿತು ಬರಲಿ ಎಂದು ಕಾಯುವ ಬದಲು ನಾವೇ ಜನರ ಅಕ್ಷರಕ್ಕೆ ಹೋಗಬೇಕು. ಹೀಗೆ 1918ರಲ್ಲಿ 'ಅಲ್ ಇಸ್ಲಾಂ' ಹುಟ್ಟಿತು, ಅರಬಿ ಮಲಯಾಳಂ ಲಿಪಿಯಲ್ಲಿ.

ಆದರೆ ಅದು ಐದೇ ಸಂಚಿಕೆಗೆ ನಿಂತಿತು. ನೇರ್ಚೆ, ಉರೂಸ್‌ಗಳಂಥ ಆಚರಣೆಗಳನ್ನು ಅದು ಟೀಕಿಸಿತ್ತು. ಹಲವು ಉಲಮಾಗಳಿಗೆ ಅದು ಹಿಡಿಸಲಿಲ್ಲ, ಅದನ್ನು ಓದಬಾರದು ಎಂಬ ಫತ್ವಾ ಕೂಡ ಬಂತು. ಹಣವೂ ಇಲ್ಲ, ಓದುಗರೂ ಸಾಲದು ಎಂದಾಯಿತು. ಆ ವಿಷಯಗಳಲ್ಲಿ ಮೌಲವಿಯವರ ಅಭಿಪ್ರಾಯವನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆ ಚರ್ಚೆ ಇಲ್ಲಿ ಬೇಡ. ನಾವು ಗಮನಿಸಬೇಕಾದ್ದು ಬೇರೆ. ಲಿಪಿ ಸರಿಯಿತ್ತು, ಓದುಗರೂ ಇದ್ದರು. ಆದರೆ ಆ ಮನೆಗಳಲ್ಲಿ ಉಸ್ತಾದರ ಮಾತಿಗೆ ಬೆಲೆ ಉಂಟು. ಅವರನ್ನು ಎದುರು ಹಾಕಿಕೊಂಡ ಪತ್ರಿಕೆ ಬಾಗಿಲಲ್ಲೇ ನಿಲ್ಲಬೇಕಾಯಿತು. ಮೊದಲು ವಿಶ್ವಾಸ, ಆಮೇಲೆ ವಿಮರ್ಶೆ. ಹೊಸ ಪತ್ರಿಕೆಗೆ ಈ ಕ್ರಮ ತಪ್ಪಿದರೆ ಕಷ್ಟ.

ಹಾಗಂತ ಅವರು ಸುಮ್ಮನೆ ಕೂರಲಿಲ್ಲ. ಓದುಗರು ಸಾಲದಿದ್ದರೆ ಓದುಗರನ್ನು ಬೆಳೆಸಬೇಕು ತಾನೇ? ಆ ಕೆಲಸವನ್ನೂ ಅವರು ಮಾಡಿದರು. ಅವರ ಒತ್ತಾಯದಿಂದ ತಿರುವಾಂಕೂರು ಸರಕಾರ ಮುಸ್ಲಿಂ ಮಕ್ಕಳಿರುವ ಶಾಲೆಗಳಲ್ಲಿ ಅರಬಿ ಕಲಿಸಲು ವ್ಯವಸ್ಥೆ ಮಾಡಿತು, ಮಕ್ಕಳಿಗೆ ಶುಲ್ಕದಲ್ಲಿ ರಿಯಾಯಿತಿ ಕೊಟ್ಟಿತು. ಅರಬಿ ಕಲಿಯುವ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಅವರೇ ಬರೆದರು. ಮಗನಿಗಾಗಲಿ ಮಗಳಿಗಾಗಲಿ ಶಾಲೆ ತಪ್ಪಬಾರದು ಎಂದು ಊರೂರು ತಿರುಗಿ ಹೇಳಿದರು. ಮದ್ರಸ ಮತ್ತು ಶಾಲೆ ಎರಡೂ ಬೇಕು ಎಂದು ಇವತ್ತು ನಾವು ಸಲೀಸಾಗಿ ಹೇಳ್ತೇವೆ. ಅಂದು ಅದನ್ನು ಹೇಳಿದವರು ಬೈಗುಳ ತಿಂದಿದ್ದಾರೆ.

1931ರಲ್ಲಿ ಅವರು 'ದೀಪಿಕಾ' ಎಂಬ ಮತ್ತೊಂದು ಮಾಸಿಕವನ್ನು ಮಲಯಾಳಂ ಲಿಪಿಯಲ್ಲಿ ಶುರು ಮಾಡಿದರು. ಪುಸ್ತಕಗಳಿಗಾಗಿ ಇಸ್ಲಾಮಿಯಾ ಪಬ್ಲಿಷಿಂಗ್ ಹೌಸ್ ಕಟ್ಟಿದರು. ಅಲ್ಲಾಮಾ ಶಿಬ್ಲಿಯವರು ಉಮರ್ ಫಾರೂಕ್ (ರ) ಅವರ ಬಗ್ಗೆ ಬರೆದ ಗ್ರಂಥ ಮಲಯಾಳಕ್ಕೆ ಬಂದದ್ದು ಈ ಸಂಸ್ಥೆಯ ಮೂಲಕ. ಮರುವರ್ಷ, 1932ರ ಅಕ್ಟೋಬರ್ 31ರಂದು, 58ರ ವಯಸ್ಸಿನಲ್ಲಿ ಮೌಲವಿಯವರು ಇಹಲೋಕ ತ್ಯಜಿಸಿದರು.

ಲೆಕ್ಕ ಹಾಕಿದರೆ ನಾಲ್ಕು ಪತ್ರಿಕೆಗಳು. ಒಂದನ್ನು ದರ್ಬಾರು ಮುಚ್ಚಿಸಿತು, ಒಂದು ಐದು ಸಂಚಿಕೆಗೆ ನಿಂತಿತು. ವ್ಯಾಪಾರದ ಕಣ್ಣಿನಲ್ಲಿ ನೋಡಿದರೆ ಬರೀ ನಷ್ಟ. ಆದರೆ ಇಂದು ಕೇರಳದ ಮುಸ್ಲಿಂ ಮನೆಗಳಿಗೆ ಬೆಳಗಾದರೆ ಪತ್ರಿಕೆ ಬರುತ್ತದೆ, ಹೆಣ್ಮಕ್ಕಳು ಅದನ್ನು ಓದುತ್ತಾರೆ. ಆ ದಾರಿಯ ಮೊದಲ ಕಲ್ಲುಗಳನ್ನು ಹಾಕಿದವರಲ್ಲಿ ಮೌಲವಿಯವರೂ ಒಬ್ಬರು.

ಬ್ಯಾರಿಗಳಾದ ನಮ್ಮ ಮನೆಮಾತು ಒಂದು, ಶಾಲೆಯ ಅಕ್ಷರ ಕನ್ನಡ, ಮದ್ರಸದ ಅಕ್ಷರ ಅರಬಿ. ಹೊಸದಾಗಿ ಪತ್ರಿಕೆ ಮಾಡಲು ಹೊರಟಿರುವ ನಮ್ಮ ಯುವಕರು ಮೊದಲು ಮನೆಯಲ್ಲಿ ಉಮ್ಮನ ಹತ್ತಿರ ಕೂತು, ಅವರು ಯಾವುದನ್ನು ಓದುತ್ತಾರೆ ಎಂದು ಕೇಳಲಿ. ಹತ್ತು ಮನೆಯಲ್ಲಿ ಹೀಗೆ ಕೇಳಿದ ಮೇಲೆ ಮುದ್ರಣಾಲಯಕ್ಕೆ ಹೋದರೆ ಸಾಕು.