ಮೊಸರಿನ ಮೆಚ್ನಿಕಾಫ್

ಮೊಸರನ್ನವಿಲ್ಲದೆ ಊಟ ಮುಗಿಯದ ನಾಡಿನಿಂದ ದೆಹಲಿಗೆ ಬಂದವರು ನಾವು. ಇಲ್ಲಿಯವರಿಗೂ ಅಷ್ಟೇ, ದಹಿ, ಲಸ್ಸಿ ಇಲ್ಲದೆ ಬೇಸಿಗೆ ಕಳೆಯೋದಿಲ್ಲ. ಆದರೆ ಆ ಮೊಸರಿನೊಳಗೆ ಕಣ್ಣಿಗೆ ಕಾಣದೆ ಕೂತಿರುವ ಜೀವಿಗಳಿಗೂ ಮನುಷ್ಯನ ಬಾಳುವೆಗೂ ನಂಟು ಕಲ್ಪಿಸಿದವನು ಮೊಸರನ್ನದ ನಾಡಿನವನಲ್ಲ. ಅವನ ಹೆಸರು ಇಲ್ಯಾ ಮೆಚ್ನಿಕಾಫ್.

ಈತ ಹುಟ್ಟಿದ್ದು 1845ರಲ್ಲಿ, ಖಾರ್ಕೋವ್ ಹತ್ತಿರದ ಒಂದು ಹಳ್ಳಿಯಲ್ಲಿ. ಅದು ಆಗ ರಷ್ಯಾದ ಚಕ್ರಾಧಿಪತ್ಯ, ಈಗ ಉಕ್ರೇನ್. ನಾಲ್ಕು ವರ್ಷದ ಡಿಗ್ರಿಯನ್ನು ಎರಡೇ ವರ್ಷದಲ್ಲಿ ಮುಗಿಸಿದ ಅಂದ್ರೆ ಬುದ್ಧಿ ಎಷ್ಟು ಚುರುಕು ನೋಡಿ! ಮನಸ್ಸು ಮಾತ್ರ ಬಲು ನಾಜೂಕು. ಸಣ್ಣ ಸದ್ದಿಗೂ ಸಿಡುಕು, ಬದುಕಿನ ಮೇಲೆ ಬೇಸರ.

1869ರಲ್ಲಿ ಲುದ್ಮಿಲಾಳನ್ನು ಮದುವೆಯಾದ. ಆಕೆಗೆ ಕ್ಷಯ. ಮದುವೆಯ ದಿನ ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತಂದರಂತೆ. 1873ರಲ್ಲಿ ಆಕೆ ತೀರಿಕೊಂಡಳು. ಮೆಚ್ನಿಕಾಫ್ ಪ್ರಾಣ ಕಳೆದುಕೊಳ್ಳಲು ಹೋಗಿ ಹೇಗೋ ಉಳಿದ. ಎರಡನೆಯ ಹೆಂಡತಿ ಓಲ್ಗಾಳಿಗೆ ಟೈಫಾಯ್ಡ್ ಬಂದು ಗಂಡಾಂತರವಾದಾಗ ಮನಸ್ಸು ಮತ್ತೆ ಕುಸಿಯಿತು; 1881ರಲ್ಲಿ ಮತ್ತೊಮ್ಮೆ ಅದೇ ಪ್ರಯತ್ನ. ಆಗಲೂ ಸಾವು ಒಲ್ಲೆ ಅಂತು. ಓಲ್ಗಾಳೂ ಉಳಿದಳು.

ಹೀಗೆ ಉಳಿದವನು ಮುಂದೆ ಮಾಡಿದ ಕೆಲಸ ಕೇಳಿ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದಾಗ ಮನೆಮಂದಿಯೆಲ್ಲ ಸರ್ಕಸ್ಸಿಗೆ ಹೋದರು. ಈತ ಒಬ್ಬನೇ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದ. ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರೆ ಏನಾದೀತು ಅನ್ನೋ ಯೋಚನೆ ಬಂತು. ಚುಚ್ಚಿದ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಅಲೆಮಾರಿ ಜೀವಕೋಶಗಳು ಮುತ್ತಿಕೊಂಡಿದ್ದವು. ರೋಗಾಣುಗಳನ್ನು ನಮ್ಮ ದೇಹದ ಕೋಶಗಳೇ ನುಂಗಿ ಕಾಪಾಡುತ್ತವೆ ಎಂಬ ಸಿದ್ಧಾಂತ ಹುಟ್ಟಿದ್ದು ಹೀಗೆ. ಇದಕ್ಕಾಗಿಯೇ 1908ರಲ್ಲಿ ಪಾಲ್ ಎಹರ್ಲಿಕ್ ಜೊತೆ ನೊಬೆಲ್ ಬಹುಮಾನ ಹಂಚಿಕೊಂಡ. ಒಡೆಸ್ಸಾದಲ್ಲಿ ಈತನ ಶಿಷ್ಯನಾಗಿದ್ದ ಹಾಫ್‌ಕಿನ್ 1893ರಲ್ಲಿ ಕಾಲರಾ ಲಸಿಕೆ ಹಿಡಿದು ಭಾರತಕ್ಕೆ ಬಂದ. ಆತನ ಪ್ಲೇಗ್ ಲಸಿಕೆ 1898ರಲ್ಲಿ ನಮ್ಮ ಹುಬ್ಬಳ್ಳಿಯವರ ತೋಳಿಗೂ ಬಿತ್ತು. ದೂರದ ಕತೆ ಹತ್ತಿರವಾಯ್ತಲ್ಲ!

1888ರಿಂದ ಮೆಚ್ನಿಕಾಫ್ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆ ಸೇರಿದ. ಅಲ್ಲಿ ಮುಪ್ಪಿನ ಚಿಂತೆ ಹತ್ತಿತು. ದೊಡ್ಡ ಕರುಳಿನಲ್ಲಿ ಕೊಳೆಯಿಸುವ ಬ್ಯಾಕ್ಟೀರಿಯಾಗಳು ವಿಷ ಹುಟ್ಟಿಸುತ್ತವೆ, ಮುಪ್ಪು ಬೇಗ ಬರೋದು ಅದರಿಂದಲೇ, ಹುಳಿ ಹಾಲಿನ ಬ್ಯಾಕ್ಟೀರಿಯಾ ಕಳಿಸಿದರೆ ಅವು ಅಡಗುತ್ತವೆ ಎಂದು ವಾದಿಸಿದ. ಬಲ್ಗೇರಿಯಾದ ಮೊಸರುಣ್ಣುವ ರೈತರ ದೀರ್ಘಾಯಸ್ಸನ್ನು ಉದಾಹರಣೆ ಕೊಟ್ಟ. ತಾನೂ ದಿನಾ ಕುಡಿದ. ಯುರೋಪಿನಲ್ಲಿ ಮೊಸರಿನ ಹುಚ್ಚೇ ಹಿಡಿಯಿತು.

ಈ ಹೊತ್ತಿಗೆ ಹಳೆಯ ಸಿಡುಕ ಮಾಯವಾಗಿದ್ದ. 1903 ಮತ್ತು 1907ರ ಅವನ ಪುಸ್ತಕಗಳು ಆಶಾವಾದದ ಪುಸ್ತಕಗಳು. ವಯಸ್ಸಾದಂತೆ ಬಾಳಿನ ರುಚಿ ಹತ್ತುತ್ತದೆ ಎಂಬುದು ಅವನ ನಂಬಿಕೆ. ಇದು ಮೊಸರಿನ ಮಹಿಮೆಯೇ? ಹಾಗಂತ ಜಮಾ ಬರೆದುಬಿಟ್ಟರೆ ಲೆಕ್ಕ ತಪ್ಪಾದೀತು. ಓಲ್ಗಾಳ ಒಡನಾಟ, ಮೆಚ್ಚಿನ ಕೆಲಸ, ನೆಮ್ಮದಿಯ ಪ್ರಯೋಗಶಾಲೆ, ಇವೂ ಅದೇ ಪುಟದಲ್ಲಿವೆ. ಬಲ್ಗೇರಿಯಾದ ಆ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆಸೋದಿಲ್ಲ ಅಂತಲೂ ಮುಂದೆ ಗೊತ್ತಾಯಿತು.

ಆದರೂ ಅವನ ಗುಮಾನಿ ಪೂರಾ ಪೊಳ್ಳಲ್ಲ. 2004ರಲ್ಲಿ ಜಪಾನಿನ ವಿಜ್ಞಾನಿಗಳು ಕರುಳಿನಲ್ಲಿ ಬ್ಯಾಕ್ಟೀರಿಯಾವೇ ಇಲ್ಲದಂತೆ ಸಾಕಿದ ಇಲಿಗಳು ಒತ್ತಡಕ್ಕೆ ವಿಪರೀತ ತಲ್ಲಣಿಸುವುದನ್ನು ಕಂಡರು. 2011ರಲ್ಲಿ ಕೆನಡಾದವರು ಪುಕ್ಕಲು ಇಲಿಗೆ ಧೈರ್ಯದ ಇಲಿಯ ಕರುಳಿನ ಬ್ಯಾಕ್ಟೀರಿಯಾ ಕೊಟ್ಟಾಗ ಅದರ ಪುಕ್ಕಲುತನ ಇಳಿಯಿತು. ಮನುಷ್ಯನ ಸ್ವಭಾವದ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಳಲು ಇನ್ನೂ ಆಗಿಲ್ಲ. ನಮ್ಮ ಪಕ್ಕದ ಫರೀದಾಬಾದಿನ ಟ್ರಾನ್ಸ್‌ಲೇಷನಲ್ ಹೆಲ್ತ್ ಸೈನ್ಸ್ ಅಂಡ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟಿನಲ್ಲೂ ಕರುಳಿನ ಸೂಕ್ಷ್ಮಜೀವಿಗಳ ಸಂಶೋಧನೆ ನಡೆದಿದೆ.

ಮೆಚ್ನಿಕಾಫ್ 1916ರಲ್ಲಿ ಪ್ಯಾರಿಸ್ಸಿನಲ್ಲಿ, 71ನೇ ವಯಸ್ಸಿನಲ್ಲಿ ತೀರಿಕೊಂಡ. ಅವನ ಚಿತಾಭಸ್ಮವನ್ನು ಪಾಸ್ತರ್ ಸಂಸ್ಥೆಯ ಗ್ರಂಥಾಲಯದಲ್ಲೇ ಇರಿಸಿದರು. ನೂರು ವರ್ಷ ಬಾಳಲಿಲ್ಲ, ನಿಜ. ಆದರೆ ಸ್ನೇಹಿತರೇ, ಇಪ್ಪತ್ತೆಂಟಕ್ಕೆ ಸಾಕು ಅಂದಿದ್ದವನು ಮತ್ತೂ ನಲವತ್ಮೂರು ವರ್ಷ ಬಾಳಿದ, ಕೊನೆಗೆ ಬಾಳನ್ನೇ ಮೆಚ್ಚಿದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನೋ ಗಾದೆಯನ್ನು ಊರು ಬಿಟ್ಟು ಬಂದು ಮಂಕಾಗಿ ಕೂತ ಗೆಳೆಯರ ಮುಂದೆ ಆಡುವ ಮೊದಲು ಇವನನ್ನು ಒಮ್ಮೆ ನೆನೆಯೋಣ.