ಕಮಾಠಿ ಬಾಗಿನ ಐದು ಗಂಟೆ

ಬಂಧುಗಳೇ, ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ನಮ್ಮ ಬಳಗದಲ್ಲಿ ಕೆಲಸ ಹುಡುಕುತ್ತಿರುವವರು ನಾನೂ ಸೇರಿ ಐದಾರು ಜನ ಇದ್ದೇವೆ. ಅದಕ್ಕೆ ಬಾಬಾಸಾಹೇಬರು ಕೆಲಸ ಹುಡುಕಿದ ವರ್ಷಗಳ ಬಗ್ಗೆ ಬರೆಯುತ್ತಿದ್ದೇನೆ. ಮಹಾಡ್ ಕೆರೆಯ ನೀರು ಮುಟ್ಟಿದ, ಸಂವಿಧಾನ ಬರೆದ, ನಾಗಪುರದಲ್ಲಿ ದೀಕ್ಷೆ ಕೊಟ್ಟ ಬಾಬಾಸಾಹೇಬರು ನಮಗೆಲ್ಲ ಗೊತ್ತು. ಸಂಬಳಕ್ಕಾಗಿ ಅಲೆದ ಬಾಬಾಸಾಹೇಬರ ಬಗ್ಗೆ ನಾವು ಅಷ್ಟಾಗಿ ಮಾತಾಡುವುದಿಲ್ಲ.

1913ರಲ್ಲಿ ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಓದು ಮುಗಿಸಿ ಬಂದ ಮೇಲೆ ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡಬೇಕು ಎಂಬುದು ಷರತ್ತು. ಎಂ.ಎ. ಆಯಿತು, ಅಲ್ಲಿಂದ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರ ಮತ್ತು ಕಾನೂನು ಎರಡನ್ನೂ ಶುರು ಮಾಡಿದರು. ಅಷ್ಟರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಓದನ್ನು ಅರ್ಧಕ್ಕೆ ಬಿಟ್ಟು 1917ರ ಆಗಸ್ಟ್‌ನಲ್ಲಿ ಮುಂಬಯಿಗೆ ಬಂದಿಳಿದರು. ಆಗ ಮೊದಲನೇ ಮಹಾಯುದ್ಧ ನಡೆಯುತ್ತಿತ್ತು. ಬೇರೆ ಹಡಗಿನಲ್ಲಿ ಬರುತ್ತಿದ್ದ ಅವರ ಸಾಮಾನು ಮತ್ತು ಪುಸ್ತಕಗಳು ಹಡಗಿನ ಜೊತೆಗೇ ಸಮುದ್ರದ ಪಾಲಾದವು. ಅದಕ್ಕೆ ಸಿಕ್ಕಿದ ಪರಿಹಾರದ ಹಣವೇ ಬರೋಡಾಕ್ಕೆ ಹೋಗುವ ಖರ್ಚಿಗಾಯಿತು.

ಬರೋಡಾದಲ್ಲಿ ಹುದ್ದೆ ಇತ್ತು, ಇಳಿದುಕೊಳ್ಳಲು ಜಾಗ ಇರಲಿಲ್ಲ. ಹಿಂದೂ ಹೋಟೆಲುಗಳ ಬಾಗಿಲು ಅವರಿಗೆ ಮುಚ್ಚಿತ್ತು. ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ, ಪಾರ್ಸಿ ಹೆಸರಿನಲ್ಲಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿದರು. ಬೇರೆ ಯಾರೂ ಇಲ್ಲದ, ಹಳೇ ಸಾಮಾನು ತುಂಬಿದ ಕತ್ತಲೆಯ ಮಹಡಿ ಅದು. ಕಚೇರಿಯಲ್ಲಿ ಜವಾನರು ಫೈಲುಗಳನ್ನು ದೂರದಿಂದ ಮೇಜಿನ ಮೇಲೆ ಎಸೆಯುತ್ತಿದ್ದರು. ಸರ್ಕಾರಿ ಬಂಗಲೆ ಕೇಳಿ ಕೊಟ್ಟ ಅರ್ಜಿ ಮುಂದೆ ಸರಿಯಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ಊಟ ಮುಗಿಸಿ, ಲೈಬ್ರರಿಗೆ ಹಿಂತಿರುಗಿಸಬೇಕಾದ ಪುಸ್ತಕಗಳನ್ನು ಕೈಗೆ ತೆಗೆದುಕೊಳ್ಳುತ್ತಿರುವಾಗ ಹನ್ನೆರಡು ಜನ ಪಾರ್ಸಿಗಳು ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಸಂಜೆಯೊಳಗೆ ಖಾಲಿ ಮಾಡಬೇಕು ಎಂದು ಗಡುವು ಕೊಟ್ಟು ಹೋದರು. ಬಾಬಾಸಾಹೇಬರು ಅತ್ತರು. ಊರಿನಲ್ಲಿ ಗೊತ್ತಿದ್ದ ಇಬ್ಬರು ಸ್ನೇಹಿತರನ್ನು ಕೇಳಿದರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ. ಮನೆಯ ಆಳುಗಳು ಬಿಟ್ಟು ಹೋಗುತ್ತಾರೆ ಎಂದ ಒಬ್ಬ. ಹೆಂಡತಿ ಊರಿಂದ ಬರಲಿ, ಕೇಳಿ ಹೇಳುತ್ತೇನೆ ಎಂದ ಇನ್ನೊಬ್ಬ.

ಮುಂಬಯಿ ರೈಲು ಇದ್ದದ್ದು ರಾತ್ರಿ ಒಂಬತ್ತಕ್ಕೆ. ನಡುವೆ ಐದು ಗಂಟೆ ಕಳೆಯಬೇಕಿತ್ತು. ಕಮಾಠಿ ಬಾಗ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಹೋಗಿ ಕುಳಿತರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ ಜಾಗವನ್ನು ನಾವು ಸಂಕಲ್ಪ ಭೂಮಿ ಎಂದು ಗೌರವಿಸುತ್ತೇವೆ. ನಮ್ಮ ಜನರ ವಿಮೋಚನೆಯ ಸಂಕಲ್ಪವನ್ನು ಅಲ್ಲೇ ಮಾಡಿದರು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಆ ಗೌರವ ಸರಿಯಾದದ್ದೇ. ಆದರೆ ಹದಿನೆಂಟು ವರ್ಷದ ನಂತರ ತಮ್ಮ ಕೈಯಾರೆ ಆ ದಿನದ ಬಗ್ಗೆ ಬರೆಯುವಾಗ ಅವರು ಯಾವ ಸಂಕಲ್ಪದ ಮಾತನ್ನೂ ಬರೆದಿಲ್ಲ. ತಲೆ ಅರ್ಧ ಖಾಲಿಯಾಗಿತ್ತು, ಅರ್ಧ ದುಃಖದಿಂದ ತುಂಬಿತ್ತು, ದಿಕ್ಕಿಲ್ಲದ ಮಕ್ಕಳ ಹಾಗೆ ಅಪ್ಪ ಅಮ್ಮನನ್ನು ನೆನೆಯುತ್ತಾ ಕುಳಿತಿದ್ದೆ ಎಂಬ ಅರ್ಥದಲ್ಲಿ ಬರೆದಿದ್ದಾರೆ. ಅಮ್ಮ ಭೀಮಾಬಾಯಿ ತೀರಿಕೊಂಡಾಗ ಅವರಿನ್ನೂ ಚಿಕ್ಕ ಮಗು. ಅಪ್ಪ ರಾಮಜಿ ಸಕ್ಪಾಲರು 1913ರಲ್ಲೇ ಹೋಗಿದ್ದರು. ಇವರಿಗೆ ಆಗ 26 ವರ್ಷ. ಎಂಟು ಗಂಟೆಗೆ ಎದ್ದು, ಗಾಡಿ ಮಾಡಿಕೊಂಡು, ಸಾಮಾನು ಇಳಿಸಿಕೊಂಡು ರೈಲು ಹತ್ತಿದರು.

ನನಗೆ ಈ ಐದು ಗಂಟೆ ಬಹಳ ಬೇಕಾದದ್ದು. ಎದೆಗುಂದಿದಾಗ ಕೂಡಲೇ ಎದ್ದು ನಿಲ್ಲಬೇಕು, ಛಲ ತೊಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಸ್ಟೇಟಸ್‌ಗಳ ತುಂಬಾ ಅದೇ. ಬಾಬಾಸಾಹೇಬರಿಗೂ ಆ ಸಂಜೆ ಮಾಡಲು ಆದದ್ದು ಕೂರುವುದು, ಅಳುವುದು, ಹೊತ್ತಿಗೆ ಸರಿಯಾಗಿ ರೈಲಿಗೆ ಹೋಗುವುದು ಮಾತ್ರ. ಆ ನೋವು ಆಮೇಲೂ ವಾಸಿಯಾಗಲಿಲ್ಲ. ಅದನ್ನು ನೆನೆದಾಗಲೆಲ್ಲ ಕಣ್ಣು ತುಂಬುತ್ತದೆ ಎಂದು ಅವರೇ ಹೇಳಿಕೊಂಡಿದ್ದಾರೆ. ನೋವು ಇದ್ದ ಹಾಗೇ ಇತ್ತು, ಮುಂದಿನ ಕೆಲಸ ಅದರ ಪಕ್ಕದಲ್ಲೇ ನಡೆಯಿತು.

ನನ್ನ ವಿಷಯ ಎರಡು ಮಾತು. ಎಂ.ಕಾಂ. ಆಗಿದೆ. ಹದಿನೇಳು ತಿಂಗಳಿಂದ ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆ, ಹೊಸಕೋಟೆ, ದೇವನಹಳ್ಳಿ ಏರೋಸ್ಪೇಸ್ ಪಾರ್ಕ್ ಎಂದು ತಿರುಗುತ್ತಿದ್ದೇನೆ. ಒಂದು ಕಡೆ ಅಕೌಂಟ್ಸ್ ಹುದ್ದೆಗೆ ಸಂದರ್ಶನ. ಟ್ಯಾಲಿ, ಜಿಎಸ್‌ಟಿ ಎಲ್ಲ ಕೇಳಿದರು, ಹೇಳಿದೆ. ಆಮೇಲೆ ಯಾವ ಊರು ಎಂದರು. ಊರಲ್ಲಿ ಮನೆ ಯಾವ ಕಡೆ ಎಂದರು. ಕೊನೆಗೆ ಮನೆದೇವರು ಯಾವುದು ಎಂದು ಕೇಳಿದರು. ನಾವು ಬೌದ್ಧರು ಎಂದೆ. ಮುಗುಳ್ನಕ್ಕು ಫೈಲು ಮುಚ್ಚಿದರು. ಮನೆಗೆ ಬಂದರೆ ಚಿಕ್ಕಪ್ಪ, ಏಳರಾಟದ ಶನಿ ಇರಬೇಕು, ಒಂದು ಎಳ್ಳುಬತ್ತಿ ಹಚ್ಚಿಸಿಬಿಡು ಎನ್ನುತ್ತಾರೆ. ಅಮ್ಮ ಏನೂ ಹೇಳದೆ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ ಹತ್ತುತ್ತಾಳೆ. ಅವಳು ಏನೂ ಹೇಳದಿರುವುದೇ ಹೆಚ್ಚು ಭಾರ.

ಹಿಂದಿನ ಜನ್ಮದ ಕರ್ಮ ಈ ಜನ್ಮದಲ್ಲಿ ಬಡತನವಾಗಿ ಕಾಡುತ್ತದೆ ಎಂಬ ಮಾತನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಎಷ್ಟು ಕಟುವಾಗಿ ತಳ್ಳಿಹಾಕಿದ್ದಾರೆ ಎಂಬುದನ್ನು ನಾವು ಒಟ್ಟಿಗೆ ಓದಿದ್ದೇವೆ. ಬರೋಡಾ ಕಚೇರಿ ನೋಡಿದವರು ಅದನ್ನು ಬರೆದದ್ದು ಎಂದು ನೆನಪಿಟ್ಟು ಓದಿದರೆ ಆ ಪುಟಗಳು ಬೇರೆಯೇ ಆಗುತ್ತವೆ. ಫೈಲು ಎಸೆದದ್ದು ಎಸೆದವನ ಕರ್ಮ. ಅದಕ್ಕೆ ನನ್ನ ಜಾತಕದಲ್ಲಿ ಕಾರಣ ಹುಡುಕುವುದಿಲ್ಲ ಎಂದು ಚಿಕ್ಕಪ್ಪನಿಗೆ ಹೇಳಿದ್ದೇನೆ. ಅವರು ಒಪ್ಪಿಲ್ಲ, ಅದು ಬೇರೆ.

ಮುಂಬಯಿಗೆ ಮರಳಿದ ಮೇಲೆ ಏನು ಮಾಡಿದರು? ಸಿಕ್ಕಿದ್ದನ್ನೆಲ್ಲ. ಇಬ್ಬರು ವಿದ್ಯಾರ್ಥಿಗಳಿಗೆ ಮನೆಪಾಠ ಹೇಳಿದರು. ಒಬ್ಬ ಪಾರ್ಸಿ ಗೃಹಸ್ಥರ ಲೆಕ್ಕಪತ್ರ ನೋಡಿಕೊಂಡರು. ಷೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಒಂದು ಚಿಕ್ಕ ಕಚೇರಿ ತೆರೆದರು. ಅದು ಚೆನ್ನಾಗೇ ಶುರುವಾಯಿತು. ಸಲಹೆ ಕೊಡುವವರ ಜಾತಿ ಗೊತ್ತಾದ ಮೇಲೆ ಗಿರಾಕಿಗಳು ಬರುವುದು ನಿಂತಿತು, ಬಾಗಿಲು ಹಾಕಬೇಕಾಯಿತು. ಸಲಹೆ ತಪ್ಪಿತ್ತು ಎಂದು ಯಾರೂ ಹೇಳಲಿಲ್ಲ.

ಅದೇ 1918ರಲ್ಲಿ ಅವರು ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ದೀರ್ಘ ಪ್ರಬಂಧ ಬರೆದು ಅರ್ಥಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಜಮೀನು ಚಿಕ್ಕದಾಗಿರುವುದೊಂದೇ ರೋಗವಲ್ಲ, ಭೂಮಿಯ ಮೇಲೆ ಕೆಲಸವಿಲ್ಲದೆ ಕುಳಿತ ಕೈಗಳು ಹೆಚ್ಚಾಗಿವೆ, ಅವಕ್ಕೆ ಕೈಗಾರಿಕೆಯಲ್ಲಿ ಕೆಲಸ ಸಿಗಬೇಕು ಎಂಬುದು ಅದರ ತಿರುಳು. ಎಕರೆ, ಅರ್ಧ ಎಕರೆ ರಾಗಿ ಹೊಲದ ಪಕ್ಕ ಫ್ಯಾಕ್ಟರಿ ಕಾಂಪೌಂಡು ನೋಡುತ್ತಾ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮಗೇ ನೆಟ್ಟಗೆ ಒಂದು ಕೆಲಸವಿಲ್ಲದ ವರ್ಷ ಕೆಲಸವಿಲ್ಲದ ಕೈಗಳ ಬಗ್ಗೆ ಬರೆದರು. ಆ ಬರಹ ಯಾರ ಅಪ್ಪಣೆಗೂ ಕಾಯುವಂಥದ್ದಾಗಿರಲಿಲ್ಲ.

ದೊಡ್ಡಬಳ್ಳಾಪುರ, ದೇವನಹಳ್ಳಿ ಆಗ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಸರ್ಕಾರಿ ನೌಕರಿಯೆಲ್ಲ ಒಂದೇ ಸಮುದಾಯದ ಕೈಯಲ್ಲಿದೆ ಎಂಬ ದೂರಿನ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದ್ದೂ ಅದೇ 1918ರಲ್ಲಿ.

1918ರ ನವೆಂಬರ್‌ನಲ್ಲಿ ಅವರಿಗೆ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು, ತಿಂಗಳಿಗೆ 450 ರೂಪಾಯಿ. ಅಲ್ಲೂ ಅಧ್ಯಾಪಕರ ನೀರಿನ ಹೂಜಿ ಮುಟ್ಟಬಾರದೆಂದು ತಕರಾರು ಮಾಡಿದವರಿದ್ದರು. ಆದರೆ ಅವರ ಪಾಠ ಕೇಳಲು ಬೇರೆ ಕಾಲೇಜಿನ ವಿದ್ಯಾರ್ಥಿಗಳೂ ಬರತೊಡಗಿದರು. ಒಂದೂಕಾಲು ವರ್ಷ ದುಡಿದು, ಸಂಬಳದಲ್ಲಿ ಉಳಿಸಿ, 1920ರ ಮಾರ್ಚ್‌ನಲ್ಲಿ ಆ ಕೆಲಸ ಬಿಟ್ಟರು. ಲಂಡನ್ನಿನಲ್ಲಿ ಅರ್ಧಕ್ಕೆ ನಿಂತಿದ್ದ ಓದು ಮುಗಿಯಬೇಕಿತ್ತು.

ಆ ಪ್ರಯಾಣಕ್ಕೆ ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. ಕೊಲಂಬಿಯಾದಲ್ಲಿ ಜೊತೆಗಿದ್ದ ಗೆಳೆಯ ನವಲ್ ಭಥೇನಾ 5000 ರೂಪಾಯಿ ಸಾಲ ಕೊಟ್ಟರು. ನವಲ್ ಭಥೇನಾ ಪಾರ್ಸಿ. ದೊಣ್ಣೆ ಹಿಡಿದು ಬಂದವರೂ ಪಾರ್ಸಿಗಳೇ. ಬರೋಡಾದ ಆ ಒಂದು ಬೆಳಗಿನಿಂದ ಬಾಬಾಸಾಹೇಬರು ಇಡೀ ಸಮುದಾಯಕ್ಕೆ ಬೆನ್ನು ತಿರುಗಿಸಿದ್ದರೆ ಈ ಕೈ ಸಿಗುತ್ತಿರಲಿಲ್ಲ. ಸಾಲ ಕೇಳುವುದಕ್ಕೆ ಅವರು ಸಂಕೋಚಪಡಲಿಲ್ಲ ಎಂಬುದನ್ನೂ ನಾನು ಗಮನಿಸಿದ್ದೇನೆ. ಲಂಡನ್ನಿನಲ್ಲಿ ಅವರು ಅರೆಹೊಟ್ಟೆಯಲ್ಲಿ ಓದಿದರೆ, ಇಲ್ಲಿ ಮುಂಬಯಿಯ ಚಾಳಿನಲ್ಲಿ ರಮಾಯಿ ಅಷ್ಟೇ ಕಷ್ಟದಲ್ಲಿ ಸಂಸಾರ ತೂಗಿಸಿದರು. ಐದು ಮಕ್ಕಳಲ್ಲಿ ನಾಲ್ವರನ್ನು ಆ ದಂಪತಿ ಕಳೆದುಕೊಂಡರು. ಕೆಲಸ ಹುಡುಕುವವನ ಕಥೆ ಹೇಳುವಾಗ ಮನೆಯಲ್ಲಿ ಕಾಯುವವರ ಕಥೆ ಬಿಟ್ಟುಹೋಗುತ್ತದೆ.

1923ರಲ್ಲಿ ಬ್ಯಾರಿಸ್ಟರ್ ಆಗಿ ಬಂದರು, ಡಿ.ಎಸ್ಸಿ. ಪದವಿಯೂ ಅದೇ ವರ್ಷ ಸಿಕ್ಕಿತು. ಇನ್ನು ಕಷ್ಟ ಮುಗಿಯಿತು ಎಂದುಕೊಳ್ಳುತ್ತೇವೆ. ವಕೀಲಿ ಸನದು ಪಡೆಯುವ ಶುಲ್ಕಕ್ಕೂ ಕೈಯಲ್ಲಿ ಹಣವಿರಲಿಲ್ಲ, ಮತ್ತೆ ಭಥೇನಾ ಅವರೇ ಆದರು. ಹೈಕೋರ್ಟಿನ ಸಾಲಿಸಿಟರುಗಳು ಅಸ್ಪೃಶ್ಯ ಬ್ಯಾರಿಸ್ಟರಿಗೆ ಕೇಸು ಕೊಡಲು ಹಿಂದೆಗೆದರು. ಬಡವರ, ಜಿಲ್ಲಾ ಕೋರ್ಟುಗಳ ಕೇಸು ಹಿಡಿದರು. ಅದೂ ಸಾಲದೆ 1925ರಿಂದ 1928ರವರೆಗೆ ಬಾಟ್ಲಿಬಾಯ್ ಅವರ ಅಕೌಂಟೆನ್ಸಿ ತರಬೇತಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನು ಪಾಠ ಮಾಡಿದರು. ಎರಡು ದೇಶದ ಪದವಿ ಪಡೆದವರು ಒಂದು ಕೋಚಿಂಗ್ ಸೆಂಟರಿನಲ್ಲಿ ಪಾರ್ಟ್ ಟೈಮ್ ಪಾಠ ಮಾಡಿದಂತೆ ಎಂದುಕೊಳ್ಳಿ. ಅದೇ ವರ್ಷಗಳಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯೂ ನಡೆಯುತ್ತಿತ್ತು, 1927ರಲ್ಲಿ ಮಹಾಡ್ ಸತ್ಯಾಗ್ರಹವೂ ಆಯಿತು. ಚೌದಾರ್ ಕೆರೆಗೆ ಇಳಿದಾಗ ಅವರು ಇನ್ನೂ ಬಾಟ್ಲಿಬಾಯ್ ಸಂಸ್ಥೆಯ ಮೇಷ್ಟ್ರು. ಮುಂಬಯಿ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಪ್ರಾಧ್ಯಾಪಕರಾದದ್ದು 1928ರ ಜೂನ್‌ನಲ್ಲಿ.

ಬರೋಡಾದಿಂದ ಲೆಕ್ಕ ಹಾಕಿದರೆ ಹನ್ನೊಂದು ವರ್ಷ. ನನ್ನ ಹದಿನೇಳು ತಿಂಗಳನ್ನು ಅದರ ಪಕ್ಕ ಇಟ್ಟು ಸಣ್ಣದು ಮಾಡಲು ಇದನ್ನು ಹೇಳುತ್ತಿಲ್ಲ. ಹದಿನೇಳು ತಿಂಗಳು ಹದಿನೇಳು ತಿಂಗಳೇ, ನಮ್ಮಮ್ಮನನ್ನು ಕೇಳಿ. ಸಮ್ಮಾ ವಾಯಾಮ, ಅಂದರೆ ಸರಿಯಾದ ಪ್ರಯತ್ನ, ಎಂಬುದನ್ನು ನಾವು ಪ್ರತಿ ವಾರ ಓದುತ್ತೇವೆ. ಈಗ ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಬರುವುದು ಆ ಷೇರು ಕಚೇರಿಯ ಬೀಗ, ಮತ್ತು ಅದೇ ವರ್ಷದ ಸಣ್ಣ ಹಿಡುವಳಿ ಪ್ರಬಂಧ.

ಒಂದು ವಿನಂತಿ. ಭಾನುವಾರ ವಂದನೆ ಮುಗಿದ ಮೇಲೆ ಅರ್ಧ ಗಂಟೆ ಹೆಚ್ಚಿಗೆ ಕೂರೋಣ. ಕೆಲಸದಲ್ಲಿರುವ ಅಣ್ಣಂದಿರು, ಅಕ್ಕಂದಿರು ತಮ್ಮ ಕಂಪನಿಯಲ್ಲಿ, ಕಚೇರಿಯಲ್ಲಿ ಖಾಲಿ ಇರುವ ಜಾಗಗಳನ್ನು ಬರೆದುಕೊಂಡು ಬನ್ನಿ. ಎಫ್‌ಡಿಎ, ಎಸ್‌ಡಿಎ ಹಳೇ ಪ್ರಶ್ನೆಪತ್ರಿಕೆ ಇದ್ದವರು ತನ್ನಿ, ಜೆರಾಕ್ಸ್ ಮಾಡಿಸಿ ವಾಪಸ್ ಕೊಡುತ್ತೇವೆ. ಹುಡುಕುತ್ತಿರುವವರು ರೆಸ್ಯೂಮ್ ಎರಡು ಪ್ರತಿ ತನ್ನಿ. ಟ್ಯಾಲಿ ಕಲಿಯಬೇಕೆನ್ನುವವರಿಗೆ ನಾನು ಹೇಳಿಕೊಡುತ್ತೇನೆ. ನನ್ನ ಹಳೇ ಲ್ಯಾಪ್‌ಟಾಪ್‌ನ ಚಾರ್ಜ್ ನಿಲ್ಲುವುದಿಲ್ಲ, ಪ್ಲಗ್ ಪಾಯಿಂಟ್ ಹತ್ತಿರ ಜಾಗ ಇಟ್ಟಿರಿ.

ಜೈ ಭೀಮ್. ನಮೋ ಬುದ್ಧಾಯ.