ಕೆನಡಾದಿಂದ ಮಂಡ್ಯದ ಬಯಲಿಗೆ: ಡಾ. ಲೆಸ್ಲಿ ಕೋಲ್ಮನ್

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಬದುಕನ್ನು ಕುರಿತು ಬರೆಯಬೇಕು ಎಂದಾಗ ಮಂಡ್ಯ ಜಿಲ್ಲೆಯ ಯಾರಿಗಾದರೂ ಮೊದಲು ನೆನಪಾಗುವುದು ಸರ್ ಎಂ. ವಿಶ್ವೇಶ್ವರಯ್ಯನವರು. ಅದು ಸಹಜವೇ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅವರ ಫೋಟೋ ದೇವರ ಫೋಟೋಗಳ ಸಾಲಿನಲ್ಲೇ ಇದೆ. ಆದರೆ ಕಟ್ಟೆ ಕಟ್ಟಿ ನೀರು ತರುವುದು ಒಂದು ವಿದ್ಯೆಯಾದರೆ, ಬಂದ ನೀರಿನಲ್ಲಿ ಏನು ಬೆಳೆಯಬೇಕು, ಎಷ್ಟು ನೀರು ಕಟ್ಟಬೇಕು, ಬೆಳೆದದ್ದನ್ನು ಯಾರು ಕೊಳ್ಳುತ್ತಾರೆ ಎಂಬುದು ಇನ್ನೊಂದು ವಿದ್ಯೆ. ಈ ಎರಡನೆಯದಕ್ಕೆ ಉತ್ತರ ಹುಡುಕಿದವರ ಮುಂದಾಳು ಕೆನಡಾ ದೇಶದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಮಂಡ್ಯದ ಸಕ್ಕರೆ ಕಾರ್ಖಾನೆಯ ಮಾತು ಬಂದಾಗ ಹಿರಿಯರು ಅವರ ಹೆಸರು ಹೇಳುವುದುಂಟು. ಕಾರ್ಖಾನೆಗೆ ಮುಂಚೆ ಅವರು ಏನಾಗಿದ್ದರು ಎಂಬುದು ಮಾತ್ರ ನಮ್ಮ ಮಕ್ಕಳಿಗೆ ಅಷ್ಟಾಗಿ ತಿಳಿದಿಲ್ಲ.

ಕೋಲ್ಮನ್ ಹುಟ್ಟಿದ್ದು 1878ರ ಜೂನ್ 16ರಂದು, ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, ಮುಂದಿನ ಸಂಶೋಧನೆಗೆ ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರು ಹಿಡಿದ ವಿಷಯ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳದು. ಕಣ್ಣಿಗೆ ಕಾಣದ ಈ ಜೀವಿಗಳು ಮಣ್ಣಿನ ಸಾರಜನಕವನ್ನು ಬೆಳೆಯ ಬೇರು ಹೀರಿಕೊಳ್ಳುವ ನೈಟ್ರೇಟ್ ರೂಪಕ್ಕೆ ಹೇಗೆ ತರುತ್ತವೆ ಎಂಬುದೇ ಅವರ ಡಾಕ್ಟರೇಟ್ ಅಧ್ಯಯನ. ಕೊಟ್ಟಿಗೆ ಗೊಬ್ಬರ ಹಾಕಿದ ಮಾರನೆಯ ದಿನವೇ ಪೈರು ಹಸಿರಾಗದೆ ಕೆಲವು ದಿನ ಕಾಯಬೇಕಾಗುವುದು ಏಕೆ ಎಂದು ಕೇಳುವ ವಿದ್ಯಾರ್ಥಿಗೆ ಉತ್ತರ ಇರುವುದು ಇಲ್ಲೇ.

1908ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಕೀಟ ಮತ್ತು ಶಿಲೀಂಧ್ರ ರೋಗಗಳ ತಜ್ಞರಾಗಿ ಕರೆಸಿಕೊಂಡಿತು. ಆಗ ವಯಸ್ಸು 30. ಬೆಂಗಳೂರಿನ ಹೆಬ್ಬಾಳದಲ್ಲಿ ಪ್ರಯೋಗದ ಜಮೀನು ಆಗಲೇ ಇತ್ತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಕೊಟ್ಟ 30 ಎಕರೆ ಅದು. ಕೆನಡಾದವರೇ ಆದ ರಸಾಯನ ಶಾಸ್ತ್ರಜ್ಞ ಡಾ. ಲೇಮನ್ ಅಲ್ಲಿ ಕೆಲಸ ಮಾಡಿ ಹೋಗಿದ್ದರು. ಕೋಲ್ಮನ್ ಬಂದವರು ಹೆಬ್ಬಾಳದಲ್ಲೇ ಕೂರಲಿಲ್ಲ, ಮಲೆನಾಡಿನ ಅಡಿಕೆ ತೋಟಗಳಿಗೆ ಹೋದರು.

ಅಡಿಕೆಯ ಕೊಳೆರೋಗದ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಮುಂದೆ ಮಂಡ್ಯದಲ್ಲಿ ಅವರು ನಡೆದ ದಾರಿ ಇದೇ. ಮುಂಗಾರಿನಲ್ಲಿ ಎಳೆಯ ಅಡಿಕೆ ಕಾಯಿ ಕೊಳೆತು ಗೊನೆಗೊನೆಯೇ ಉದುರಿ ಹೋಗುತ್ತಿತ್ತು. ರೈತರು ಸುಮ್ಮನೆ ಕೂತಿರಲಿಲ್ಲ. ಮಳೆ ಬೀಳದಂತೆ ಗೊನೆಗೆ ಕೊಟ್ಟೆ ಕಟ್ಟುವ ಪದ್ಧತಿ ಹಿಂದಿನಿಂದಲೂ ಇತ್ತು. ಅದು ಖರ್ಚಿನ ಮತ್ತು ಪ್ರಾಣಾಪಾಯದ ಕೆಲಸ. ಕೋಲ್ಮನ್ ಕೊಳೆತ ಕಾಯಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಫೈಟಾಫ್ತೊರಾ ಎಂಬ ಶಿಲೀಂಧ್ರದ ಕೆಲಸವೆಂದು ತೋರಿಸಿ 1910ರಲ್ಲಿ ಪ್ರಕಟಿಸಿದರು. ಇದಕ್ಕೆ ಮದ್ದು ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ನೀರು. ಇದು ಯುರೋಪಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿದ್ದದ್ದೇ. ಆದರೆ ಯುರೋಪಿನ ಮಳೆ ಬೇರೆ, ತೀರ್ಥಹಳ್ಳಿಯ ಮಳೆ ಬೇರೆ. ಇಲ್ಲಿಯ ಜಡಿಮಳೆಗೆ ಸಿಂಪಡಿಸಿದ ಔಷಧಿ ಗೊನೆಯ ಮೇಲೆ ನಿಲ್ಲಬೇಕಲ್ಲ? ರಾಳ ಮತ್ತು ಸೋಡಾ ಬೆರೆಸಿ ಅದನ್ನು ಅಂಟುವಂತೆ ಮಾಡಿದರು. ರೋಗ ಕಂಡ ಮೇಲಲ್ಲ, ಮಳೆ ಹಿಡಿಯುವ ಮುಂಚೆಯೇ ಹೊಡೆಯಬೇಕೆಂದು ತೋಟ ತೋಟದಲ್ಲಿ ತೋರಿಸಿಕೊಟ್ಟರು. ನೂರು ವರ್ಷ ದಾಟಿದರೂ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಹೊಡೆಯುವುದು ಬೋರ್ಡೋ ದ್ರಾವಣವನ್ನೇ.

ಇದರಲ್ಲಿ ಗಮನಿಸಬೇಕಾದದ್ದು ಅವರ ಕ್ರಮ. ರೋಗದ ಮೂಲವನ್ನು ಪ್ರಯೋಗಶಾಲೆಯಲ್ಲಿ ಹುಡುಕಿದರು. ಮದ್ದನ್ನು ಮಾತ್ರ ತೋಟದಲ್ಲೇ, ಅಲ್ಲಿಯ ಮಳೆಯಲ್ಲೇ, ಪರೀಕ್ಷಿಸಿದರು. ಪುಸ್ತಕದಲ್ಲಿದ್ದದ್ದನ್ನು ಹಾಗೇ ತಂದು ರೈತರ ತಲೆಗೆ ಕಟ್ಟಲಿಲ್ಲ.

ಜೋಳದ ಮಿಡತೆಯ ವಿಷಯದಲ್ಲೂ ಹೀಗೆಯೇ. ಬಯಲುಸೀಮೆಯಲ್ಲಿ ಜೋಳ ತಿಂದು ಹಾಳು ಮಾಡುತ್ತಿದ್ದ ಒಂದು ಮಿಡತೆಯ ಜೀವನಕ್ರಮವನ್ನು ಅವರು ಬಿಡಿಸಿ ನೋಡಿದರು. ಅದಕ್ಕೆ ಹಾರುವಂಥ ರೆಕ್ಕೆಯೇ ಇಲ್ಲ, ಮೊಟ್ಟೆ ಇಡುವುದು ನೆಲದೊಳಗೆ. ಹಾರಿ ಬರಲಾರದ ಕೀಟವನ್ನು ಅದು ಇರುವ ಹೊಲದಲ್ಲೇ, ಮರಿಯಾಗಿದ್ದಾಗಲೇ, ಬಲೆಚೀಲದಲ್ಲಿ ಹಿಡಿಯಬಹುದು. ವಿಜ್ಞಾನ ಲೋಕ ಆ ಮಿಡತೆಯ ಕುಲಕ್ಕೆ ಕೋಲ್ಮೇನಿಯಾ ಎಂದು ಅವರದೇ ಹೆಸರಿಟ್ಟಿದೆ. ಬೆಳೆ ತಿನ್ನುವ ಹುಳಕ್ಕೆ ತನ್ನ ಹೆಸರು ಬಂದದ್ದು ಗೌರವವೋ ಅಲ್ಲವೋ ಎಂದು ಮಕ್ಕಳು ನಗಬಹುದು. ಕೀಟಶಾಸ್ತ್ರದಲ್ಲಿ ಅದು ದೊಡ್ಡ ಗೌರವ. ಭತ್ತದ ಮಿಡತೆಯ ಬಗ್ಗೆ ಸಹಾಯಕರಾಗಿದ್ದ ಕೆ. ಕುಂಞಿಕಣ್ಣನ್ ಅವರೊಂದಿಗೆ ಸೇರಿ ಬರೆದರು. ಈ ಕುಂಞಿಕಣ್ಣನ್ ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದು ಸಂಸ್ಥಾನದ ಕೀಟತಜ್ಞರಾದರು. ಶ್ರೀಗಂಧದ ಮರಕ್ಕೆ ಬರುವ ಸ್ಪೈಕ್ ರೋಗ ಕಸಿಯ ಮೂಲಕ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತದೆ ಎಂದೂ ಕೋಲ್ಮನ್ ತೋರಿಸಿದರು. ಆ ರೋಗ ತರುವ ಜೀವಿ ಯಾವುದು ಎಂಬುದು ಗೊತ್ತಾದದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ.

1913ರಲ್ಲಿ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. ಆ ಶಾಲೆ 1946ರಲ್ಲಿ ಕಾಲೇಜಾಯಿತು, 1964ರಲ್ಲಿ ಅದರ ಬುಡದಲ್ಲೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿತು. ಇಂದು ನಮ್ಮೂರಿನ ಮಕ್ಕಳು ಬಿ.ಎಸ್ಸಿ. ಅಗ್ರಿ ಎಂದು ಸೀಟಿಗೆ ಓಡಾಡುತ್ತಾರಲ್ಲ, ಆ ಓದಿನ ಬೇರು ಅಲ್ಲಿದೆ. ರಾಗಿಯ ತಳಿ ಆಯ್ಕೆಯ ಕೆಲಸವೂ ಅವರ ಕಾಲದಲ್ಲೇ ಹೆಬ್ಬಾಳದಲ್ಲಿ ಶುರುವಾಯಿತು. ಬಡವರ ಧಾನ್ಯವೆಂದು ದೊಡ್ಡವರು ಮೂಗು ಮುರಿಯುತ್ತಿದ್ದ ರಾಗಿಯ ಬೇಸಾಯದ ಮೇಲೆ ಅವರು 1920ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದರು. ಮುದ್ದೆ ಉಣ್ಣುವ ನಾವು ಇದೊಂದಕ್ಕಾದರೂ ಅವರನ್ನು ನೆನೆಯಬೇಕು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾದದ್ದರಲ್ಲೂ ಅವರ ಪಾತ್ರ ದೊಡ್ಡದು.

ಇನ್ನು ಮಂಡ್ಯ. ಕನ್ನಂಬಾಡಿಯ ನೀರು ಹುಲಿಕೆರೆ ಸುರಂಗ ದಾಟಿ ಇರ್ವಿನ್ ನಾಲೆಯಲ್ಲಿ ಈ ಕಡೆ ಹರಿಯಲು ತೊಡಗಿದ್ದು 1930ರ ದಶಕದ ಆರಂಭದಲ್ಲಿ. ಇಂದು ಅದನ್ನೇ ವಿಶ್ವೇಶ್ವರಯ್ಯ ನಾಲೆ, ಬಾಯಿಮಾತಿನಲ್ಲಿ ವಿ.ಸಿ. ನಾಲೆ, ಎನ್ನುತ್ತೇವೆ. ಒಂದು ಲಕ್ಷಕ್ಕೂ ಹೆಚ್ಚು ಎಕರೆ ಖುಷ್ಕಿ ಜಮೀನಿಗೆ ನೀರು ಕೊಡುವ ಯೋಜನೆ ಅದು. ರಾಗಿ, ಅವರೆ, ಹುಚ್ಚೆಳ್ಳು ಬೆಳೆದು ಆಕಾಶ ನೋಡುತ್ತಿದ್ದ ರೈತನ ಹೊಲಕ್ಕೆ ಒಮ್ಮೆಲೇ ನಾಲೆ ನೀರು ಬಂದರೆ ಅವನು ಏನು ಮಾಡಬೇಕು? ಎಲ್ಲರೂ ಭತ್ತವನ್ನೇ ಹಾಕಿದರೆ ನೀರು ಸಾಲುವುದಿಲ್ಲ, ಬೆಲೆಯೂ ನಿಲ್ಲುವುದಿಲ್ಲ. ನೀರು ನಿಂತ ಮಣ್ಣು ಜೌಗಾಗಿ, ಚೌಳಾಗಿ ಕೆಡುತ್ತದೆ. ನಾಲೆಗೆ ಸಂಸ್ಥಾನ ಸುರಿದ ಹಣ ಹಿಂದಕ್ಕೆ ಬರಬೇಕಾದರೆ ರೈತನಿಗೆ ಕಂದಾಯ ಕಟ್ಟುವಷ್ಟು ಆದಾಯವೂ ಬೇಕು.

ಇದಕ್ಕೆ ಇಟ್ಟುಕೊಂಡ ಕ್ರಮವೇ ಬ್ಲಾಕ್ ಪದ್ಧತಿ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದಲ್ಲಿದ್ದಾಗ ನೀರಾ ನಾಲೆಯಲ್ಲಿ ಇಂಥದ್ದನ್ನು ಜಾರಿಗೆ ತಂದಿದ್ದರು. ಊರಿನ ಅಚ್ಚುಕಟ್ಟನ್ನು ಪಾಲು ಮಾಡಿ, ಒಂದು ಪಾಲಿಗೆ ಕಬ್ಬು, ಒಂದು ಪಾಲಿಗೆ ಭತ್ತ, ಇನ್ನೊಂದು ಪಾಲಿಗೆ ರಾಗಿಯಂಥ ಅರೆ ಖುಷ್ಕಿ ಬೆಳೆ. ವರ್ಷದಿಂದ ವರ್ಷಕ್ಕೆ ಪಾಲುಗಳು ಬದಲಾಗಬೇಕು. ಹೀಗಾದರೆ ನೆಲಕ್ಕೂ ಬಿಡುವು, ಕೊನೆಯ ಊರಿಗೂ ನೀರು. ಇಲ್ಲಿಯ ಮಣ್ಣಿಗೆ ಯಾವ ತಳಿ, ಎಷ್ಟು ಗೊಬ್ಬರ, ಎಷ್ಟು ದಿನಕ್ಕೊಮ್ಮೆ ನೀರು ಎಂಬುದನ್ನು ಹೆಬ್ಬಾಳದಲ್ಲಿ ಕೂತು ಹೇಳಲು ಆಗದು. ಹಾಗಾಗಿ ಕೋಲ್ಮನ್ ನಿರ್ದೇಶಕರಾಗಿದ್ದ ಕಾಲದಲ್ಲಿ ಮಂಡ್ಯದ ಬಳಿ ನಾಲೆಯ ಬಯಲಿನಲ್ಲೇ ಒಂದು ಪ್ರಯೋಗದ ಫಾರಂ ಎದ್ದಿತು. ಆಗ ಇರ್ವಿನ್ ಕೆನಾಲ್ ಫಾರಂ, ಈಗ ನಮ್ಮೆಲ್ಲರ ವಿ.ಸಿ. ಫಾರಂ.

ಕಬ್ಬು ಬೆಳೆದರೆ ಕೊಳ್ಳುವವರು ಯಾರು? ಆಲೆಮನೆಗಳಿದ್ದವು, ಬೆಲ್ಲವಿತ್ತು. ಆದರೆ ಸಾವಿರಾರು ಎಕರೆ ಕಬ್ಬನ್ನು ಆಲೆಮನೆಗಳು ಅರೆದು ಮುಗಿಸುವುದು ಹೇಗೆ? ಆ ಹೊತ್ತಿಗೆ ಜಾವಾದಿಂದ ಬರುತ್ತಿದ್ದ ಸಕ್ಕರೆಯ ಮೇಲೆ ಭಾರತ ಸರ್ಕಾರ ಸುಂಕ ಏರಿಸಿ, 1932ರಲ್ಲಿ ದೇಶೀ ಸಕ್ಕರೆ ಉದ್ಯಮಕ್ಕೆ ರಕ್ಷಣೆ ಕೊಟ್ಟಿತು. ಮೈಸೂರು ಸಂಸ್ಥಾನ ಕಾಲ ಕಳೆಯಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಇದರ ಹಿಂದೆ ನಿಂತು ಒತ್ತಾಸೆಯಾದವರು ಕೋಲ್ಮನ್. ಕಡಿದ ಕಬ್ಬು ಬೇಗ ಅರೆಯದಿದ್ದರೆ ಅದರ ಸಕ್ಕರೆ ಅಂಶ ದಿನದಿನಕ್ಕೆ ಇಳಿಯುತ್ತದೆ. ಆದ್ದರಿಂದ ಗದ್ದೆಯಲ್ಲಿ ನಾಟಿ ಮಾಡುವ ದಿನಕ್ಕೂ ಕಾರ್ಖಾನೆಯ ಗಾಣ ತಿರುಗುವ ದಿನಕ್ಕೂ ಲೆಕ್ಕ ಹೊಂದಬೇಕು. ಕೃಷಿ ವಿಜ್ಞಾನಿಯೊಬ್ಬರು ಕಾರ್ಖಾನೆಯ ಕೆಲಸಕ್ಕೆ ಕೈ ಹಾಕಿದ್ದು ಏಕೆಂದು ಇದರಿಂದ ತಿಳಿಯುತ್ತದೆ.

ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿ ತಾಲೂಕುಗಳ ನಮಗೆ ಇಲ್ಲಿ ಒಂದು ಮಾತು ಹೇಳುವ ಹಕ್ಕಿದೆ. ಬ್ಲಾಕ್ ಪದ್ಧತಿ ಕಾಲಕ್ರಮದಲ್ಲಿ ಸಡಿಲವಾಯಿತು. ಮೇಲಿನವರು ಸಾಲುಸಾಲು ವರ್ಷ ಭತ್ತ, ಕಬ್ಬು ಹಾಕಿದರು, ಕೂಳೆ ಮೇಲೆ ಕೂಳೆ ಬಿಟ್ಟರು. ಅಲ್ಲಿ ಜಮೀನು ಜೌಗು ಹಿಡಿಯಿತು, ಇಲ್ಲಿ ಕೊನೆಯ ತೂಬಿಗೆ ನೀರು ಬರಲಿಲ್ಲವೆಂದು ರಸ್ತೆಗೆ ಇಳಿಯುವುದು ನಮ್ಮ ಪಾಲಿಗೆ ಬಂತು. ನಾವೂ ನೀರು ಬಂದ ವರ್ಷ ಬೇರೆ ರೀತಿ ನಡೆದುಕೊಂಡವರಲ್ಲ ಎಂಬುದು ಬೇರೆ ಮಾತು. ಇಂದು ನೀರಿನ ಲೆಕ್ಕ ಎಂದು ಯಾವುದನ್ನು ಸಭೆಗಳಲ್ಲಿ ಹೊಸದಾಗಿ ಹೇಳುತ್ತಾರೋ ಅದರ ಬಹುಪಾಲು ನಾಲೆಯ ಮೊದಲ ದಿನಗಳಲ್ಲೇ ಕಾಗದದ ಮೇಲಿತ್ತು.

1934ರಲ್ಲಿ ಕೋಲ್ಮನ್ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಮಂಡ್ಯ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಅದಾದದ್ದು 1939ರಲ್ಲಿ. ನಿವೃತ್ತಿಯ ನಂತರವೂ ಅವರು ಸೂಕ್ಷ್ಮದರ್ಶಕ ಬಿಡಲಿಲ್ಲ. ಗಿಡಗಳ ಜೀವಕೋಶದೊಳಗಿನ ಕ್ರೋಮೋಸೋಮುಗಳ ರಚನೆಯನ್ನು ಕುರಿತು 60 ದಾಟಿದ ವಯಸ್ಸಿನಲ್ಲಿ ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು. 1954ರ ಸೆಪ್ಟೆಂಬರ್ 14ರಂದು, 76ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ವಿ.ಸಿ. ಫಾರಂನ ಕೆಲಸ ನಿಲ್ಲಲಿಲ್ಲ. ನಮ್ಮವರು ರಾಗಿ ಬ್ರಹ್ಮ ಎಂದು ಕರೆಯುವ ಡಾ. ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದ್ದು ಅಲ್ಲೇ. ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದಾದ ರಾಗಿಯಲ್ಲಿ ಕೈಯಿಂದ ಸಂಕರ ಮಾಡುವುದು ಎಂಥ ತಾಳ್ಮೆಯ ಕೆಲಸವೆಂದು ವಿಜ್ಞಾನದ ಮೇಷ್ಟ್ರುಗಳು ತರಗತಿಯಲ್ಲಿ ತೆನೆ ಹಿಡಿದು ತೋರಿಸಬಹುದು. 1990ರ ದಶಕದಲ್ಲಿ ಕೆ.ಆರ್.ಎಚ್.-2 ಎಂಬ ಹೈಬ್ರಿಡ್ ಭತ್ತ ಬಂದದ್ದೂ ಅಲ್ಲಿಂದಲೇ. ಈಗ ಅಲ್ಲಿ ಕೃಷಿ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವಿದೆ, ಕೃಷಿ ಮೇಳ ನಡೆಯುತ್ತದೆ. ನಮ್ಮೂರಿನಿಂದ ಮಂಡ್ಯಕ್ಕೆ ಹೋದರೆ ಅಲ್ಲಿಂದ ಫಾರಂ ದೂರವೇನಲ್ಲ. ಮೇಳದ ದಿನ ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳನ್ನು ಒಂದು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ತಾಕುಗಳಲ್ಲಿ ನಡೆಸಿ ತೋರಿಸುವ ಏರ್ಪಾಟನ್ನು ಹಳೆಯ ವಿದ್ಯಾರ್ಥಿಗಳು ಈ ವರ್ಷವೇ ವಹಿಸಿಕೊಳ್ಳಬಹುದು.